ಬಸ್ಸಲ್ಲಿ ಚೆಕಿಂಗು, ಹಳ್ಳದಲ್ಲಿ ಚೆಕ್ ಡ್ಯಾಮು, ಬ್ಯಾಂಕಲ್ಲಿ ಚೆಕ್ಕು: ಎಲ್ಲಾ ಒಂದೇ ಪದಾನಾ?

ಅಡಿಕೆಮರ

ಮೊನ್ನೆ ಊರಿಗೆ ಹೋದಾಗ ಅಪ್ಪ ಒಂದು ಪ್ರಶ್ನೆ ಕೇಳಿದ್ರು, ಆವತ್ತಿಂದ ತಲೇಲಿ ಕೊರೀತಾ ಇದೆ. ಅಡಿಕೆ ತಗೊಂಡೋನು ಕೊಟ್ಟಿದ್ದ ಚೆಕ್ಕು ಬೌನ್ಸ್ ಆಗಿ ವಾಪಸ್ ಬಂದಿತ್ತು, ಅಪ್ಪ ಆ ಬೇಜಾರಲ್ಲಿ ತೋಟದ ಕೆಳಗೆ ಹಳ್ಳದ ದಂಡೇಲಿ ಕೂತಿದ್ರು, ನಾನೂ ಹೋಗಿ ಪಕ್ಕದಲ್ಲಿ ಕೂತೆ. ಎದುರಿಗೆ ಹೋದ್ವರ್ಷ ಕಟ್ಟಿದ ಚೆಕ್ ಡ್ಯಾಮು. ನಾನು ಹಾಕಿದ್ದು ಚೆಕ್ಸ್ ಶರ್ಟು. ಅಪ್ಪ ಅದನ್ನೂ ಇದನ್ನೂ ನೋಡಿ, "ಅಲ್ಲೋ, ಇದೂ ಚೆಕ್ಕು, ಅದೂ ಚೆಕ್ಕು, ನನ್ ಕೈಗೆ ಕೊಟ್ಟಿದ್ದೂ ಚೆಕ್ಕು, ಬಸ್ಸಿಗೆ ಹತ್ತೋರೂ ಚೆಕಿಂಗ್ನೋರು, ಇಂಗ್ಲಿಷ್‌ನೋರಿಗೆ ಬೇರೆ ಪದಾನೇ ಸಿಗ್ಲಿಲ್ವಾ?" ಅಂದ್ರು.

ಬ್ಯಾಂಕಿಂದಕ್ಕೆ ಸ್ಪೆಲಿಂಗ್ ಬೇರೆ ಇದೆ ಅಪ್ಪಾ (cheque, ಉಳಿದಿದ್ದಕ್ಕೆ check), ಎಲ್ಲಾ ಬೇರೆ ಬೇರೆ ಪದ ಇರ್ಬೇಕು, ಕಿವಿಗೆ ಒಂದೇ ಥರ ಕೇಳ್ಸತ್ತೆ ಅಷ್ಟೆ ಅಂತ ಹೇಳಿ ಜಾರ್ಕೊಂಡೆ. ನಿಜ ಹೇಳ್ಬೇಕು ಅಂದ್ರೆ ನಂಗೆ ಗೊತ್ತಿರ್ಲಿಲ್ಲ. ಗೊತ್ತಿರೋರು ಹೇಳಿ.

ಚಕ್ಲಿ_ನಿಪ್ಪಟ್ಟು

ಇಷ್ಟಕ್ಕೆ ತಲೆ ಕೆಡಿಸ್ಕೊಂಡಿದೀರಾ. ಅದು ನಮ್ದೇ ಪದ ಗುರು. ಚೆಕ್ಕೆ! ಮರದ ಚೆಕ್ಕೆ. ಮುಂಚೆ ಕಾಗದ ಇರ್ಲಿಲ್ಲ, ಚೆಕ್ಕೆ ಮೇಲೆ ಲೆಕ್ಕ ಗೀಚಿ ಕೊಡೋರು, ಇಂಗ್ಲಿಷ್‌ನೋರು ನೋಡಿ ಚೆಕ್ಕು ಅಂದ್ರು. ಕೇಸ್ ಕ್ಲೋಸ್.

ಪದಪಿತ್ತ

ಬಂದ್ರಪ್ಪಾ. ಇನ್ನು ಚಕ್ಕುಲಿಯಿಂದ ಚಾಕಲೇಟ್ ಬಂತು ಅಂತಾನೂ ಹೇಳ್ಬಿಡಿ.

ಅಡಿಕೆಮರ ಅವ್ರೇ, ಒಂದೇ ಥರ ಕೇಳ್ಸಿದ್ರೆ ಒಂದೇ ಪದ ಅಂತ ಆಗಲ್ಲ, ಅದು ಸರಿ. ಕ್ರಿಕೆಟ್ ಬ್ಯಾಟಿಗೂ ಬಾವಲಿ ಬ್ಯಾಟಿಗೂ ಸಂಬಂಧ ಇಲ್ಲ, ಬಾವಲಿಗೆ ಮಧ್ಯಕಾಲದ ಇಂಗ್ಲಿಷಲ್ಲಿ ಬಕ್ಕೆ ಅನ್ನೋ ಥರದ ಹೆಸರಿತ್ತು, ಅದು ಸವೆದು ಸವೆದು ಬ್ಯಾಟ್ ಆಯ್ತು, ದೊಣ್ಣೆ ಬ್ಯಾಟು ಬೇರೆ ಮನೆತನದ್ದು. ಆದ್ರೆ ಚೆಕ್ ವಿಷಯದಲ್ಲಿ ನೀವು ಅಪ್ಪಂಗೆ ಹೇಳಿದ್ದು ಉಲ್ಟಾ. ನೀವು ಹೇಳಿದ ನಾಲ್ಕೂ ಒಂದೇ ಬೇರಿನ ಚಿಗುರು. ಸ್ಪೆಲಿಂಗ್ ಬೇರೆ ಆಗಿದ್ದು ತೀರಾ ಆಮೇಲೆ.

ಬೇರು ಎಲ್ಲಿದೆ ಅಂದ್ರೆ ಚದುರಂಗದ ಮಣೆ ಮೇಲೆ.

ಅಡಿಕೆಮರ

ಚೆಸ್ಸಲ್ಲಿ ಚೆಕ್ ಅಂತಾರಲ್ಲ, ಅದಾ? ನಾನು ಅದನ್ನ ಪಟ್ಟಿಗೇ ಸೇರ್ಸಿರ್ಲಿಲ್ಲ.

ಕುದುರೆನಡೆ

ಅದೇ ಎಲ್ಲದಕ್ಕೂ ಮೂಲ ಸ್ವಾಮಿ. ನಿಧಾನಕ್ಕೆ ಹೇಳ್ತೀನಿ, ಉದ್ದ ಆಗತ್ತೆ, ಕಾಫಿ ತಗೊಂಡು ಕೂತ್ಕೊಳಿ.

ನಮ್ಮಲ್ಲಿ ಚತುರಂಗ ಅಂದ್ರೆ ಸೈನ್ಯದ ನಾಲ್ಕು ಅಂಗ, ಆನೆ ಕುದುರೆ ರಥ ಕಾಲಾಳು. 7ನೇ ಶತಮಾನದಲ್ಲಿ ಬಾಣಭಟ್ಟ ಹರ್ಷಚರಿತದಲ್ಲಿ ಹರ್ಷನ ರಾಜ್ಯ ಎಷ್ಟು ಶಾಂತವಾಗಿತ್ತು ಅಂತ ಹೊಗಳೋವಾಗ, ಚತುರಂಗದ ವ್ಯೂಹ ಕಲಿಯೋದು ಅಷ್ಟಾಪದದಲ್ಲಿ ಮಾತ್ರ ಅಂತ ಶ್ಲೇಷೆ ಮಾಡ್ತಾನೆ. ಅಷ್ಟಾಪದ ಅಂದ್ರೆ ಎಂಟು ಮನೆ ಎಂಟು ಸಾಲಿನ ಹಾಸು. ಅಂದ್ರೆ ಆ ಹೊತ್ತಿಗೆ ಆಟ ಎಲ್ಲರಿಗೂ ಗೊತ್ತಿತ್ತು, ಇಲ್ಲಾಂದ್ರೆ ಶ್ಲೇಷೆ ಯಾರಿಗೂ ಅರ್ಥ ಆಗ್ತಿರ್ಲಿಲ್ಲ. (ಇದೇ ಹರ್ಷನಿಗೆ ನರ್ಮದೆ ದಂಡೇಲಿ ಚೆಕ್ ಕೊಟ್ಟಿದ್ದು ನಮ್ಮ ಇಮ್ಮಡಿ ಪುಲಕೇಶಿ, ಅದನ್ನ ಬಾಣ ಬರ್ದಿಲ್ಲ, ಅರಮನೆ ಅನ್ನ ತಿಂದೋನು ಪಾಪ ಹೆಂಗ್ ಬರೀತಾನೆ.)

ಆಟ ಪರ್ಷಿಯಾಕ್ಕೆ ಹೋಯ್ತು, ಅಲ್ಲಿ ಚತ್ರಂಗ್ ಆಯ್ತು. ಆಮೇಲೆ ಅರಬರು ಪರ್ಷಿಯಾ ಗೆದ್ದಾಗ ಆಟ ಅವ್ರ ಕೈಗೆ ಬಂತು. ಅವ್ರ ಭಾಷೇಲಿ ಚ ಇಲ್ಲ, ಗ ಇಲ್ಲ, ಹಂಗಾಗಿ ಚತ್ರಂಗ್ ಹೋಗಿ ಶತ್ರಂಜ್. ಅಲ್ಲಿಂದ ಸ್ಪೇನು, ಸಿಸಿಲಿ ಕಡೆಯಿಂದ ಯುರೋಪಿಗೆ.

ಈಗ ಮುಖ್ಯ ವಿಷಯ. ಎದುರಾಳಿ ರಾಜನ ಮೇಲೆ ದಾಳಿ ಬಿದ್ದಾಗ ಪರ್ಷಿಯನ್ನರು ಬಾಯ್ಬಿಟ್ಟು "ಷಾ!" ಅಂತಿದ್ರು. ಅಂದ್ರೆ "ರಾಜಾ!" ಅಷ್ಟೆ. ನೋಡ್ಕೊಳಯ್ಯ, ನಿನ್ ರಾಜ ಸಿಕ್ಕಾಕೊಂಡಿದಾನೆ ಅನ್ನೋ ಮರ್ಯಾದೆಯ ಎಚ್ಚರಿಕೆ. ಆ ಷಾ ಲ್ಯಾಟಿನ್‌ಗೆ ಹೋಗಿ ಸ್ಕಾಕ್ಕುಸ್ ಆಯ್ತು, ಹಳೇ ಫ್ರೆಂಚಲ್ಲಿ ಎಶೆಕ್ ಆಯ್ತು, ಇಂಗ್ಲಿಷಲ್ಲಿ ತಲೆ ಕಡ್ಕೊಂಡು ಚೆಕ್ ಆಯ್ತು. ಇನ್ನೂ ಮಜಾ ಏನಂದ್ರೆ ಎಶೆಕ್ ಅನ್ನೋದರ ಬಹುವಚನ ಎಶೆಸ್, ಅದೇ ಚೆಸ್. ಅಂದ್ರೆ ಚೆಸ್ ಅಂದ್ರೆ ಬರೀ "ಚೆಕ್ಕುಗಳು", "ರಾಜರುಗಳು". ಚದುರಂಗ ಅನ್ನೋ ನಮ್ಮ ಹೆಸರು ಇಂಗ್ಲಿಷ್ ತನಕ ತಲುಪ್ಲೇ ಇಲ್ಲ, ದಾರೀಲಿ ರಾಜನ ಕೂಗು ಅದನ್ನ ನುಂಗಿಹಾಕ್ತು. ಸ್ಪೇನಿನೋರು ಅದನ್ನ ಉಳಿಸ್ಕೊಂಡಿದಾರೆ, ಅವ್ರ ಅಹೆದ್ರೆಸ್ ಅನ್ನೋದು ಶತ್ರಂಜ್‌ನ ಮಗ, ಅಂದ್ರೆ ನಮ್ಮ ಚತುರಂಗದ ಮೊಮ್ಮಗ.

ಹುಬ್ಬಳ್ಳಿ_ಗಿರ್ಮಿಟ್

ನಮ್ಮ ಅಜ್ಜಾರು ಚದುರಂಗ ಆಡೂಮುಂದ ಚೆಕ್ ಅಂತಿರ್ಲೇ ಇಲ್ರೀ, "ಶಹಾ!" ಅಂತ ಒದರ್ತಿದ್ರು. ನಾವು ಸಣ್ಣಾವ್ರು, ಶಹಾ ಅಂದ್ರ ಮಾರ್ವಾಡಿ ಅಂಗಡ್ಯಾವರ ಅಡ್ಡಹೆಸರು ಅಂತ ತಿಳ್ಕೊಂಡಿದ್ವಿ. ಇವತ್ತ ಗೊತ್ತಾತು ನೋಡ್ರಿ, ಅಜ್ಜಾರದು ಒರಿಜಿನಲ್, ನಮ್ದು ಡೂಪ್ಲಿಕೇಟು.

ಚೆಕ್‌ಮೇಟ್ ಅಂದ್ರ ಏನ್ ಹಂಗಾದ್ರ? ಮೇಟ್ ಅಂದ್ರ ಗೆಳೆಯ ಅಲ್ಲೇನು?

ಕುದುರೆನಡೆ

ಅಲ್ಲ. ಆ ಮೇಟು ಬೇರೆ. ಗೆಳೆಯ ಅನ್ನೋ ಮೇಟು ಜರ್ಮನ್ ಕಡೇದು, ಮೀಟ್ ಅಂತಾರಲ್ಲ ಮಾಂಸಕ್ಕೆ, ಅದಕ್ಕೆ ಸಂಬಂಧ ಪಟ್ಟಿದ್ದು, ಮುಂಚೆ ಮೀಟ್ ಅಂದ್ರೆ ಬರೀ ಊಟ ಅಂತಿತ್ತು, ಹಂಗಾಗಿ ಮೇಟ್ ಅಂದ್ರೆ ಒಂದೇ ಪಂಕ್ತೀಲಿ ಉಣ್ಣೋನು. ಚೆಕ್‌ಮೇಟಲ್ಲಿ ಇರೋದು "ಷಾ ಮಾತ್". ಮಾತ್ ಬಗ್ಗೆ ಜಗಳ ಇದೆ. ಅರಬ್ಬಿಯಲ್ಲಿ ಮಾತ ಅಂದ್ರೆ ಸತ್ತ, ಅದಕ್ಕೆ ರಾಜ ಸತ್ತ ಅಂತ ಅರ್ಥ ಮಾಡೋರು ಜಾಸ್ತಿ. ಪರ್ಷಿಯನ್‌ನಲ್ಲಿ ಮಾತ್ ಅಂದ್ರೆ ದಿಕ್ಕು ತೋಚದೆ ನಿಂತೋನು, ಸೋತೋನು. ನನ್ ವೋಟು ಎರಡನೇದಕ್ಕೆ, ಯಾಕಂದ್ರೆ ಚೆಸ್ಸಲ್ಲಿ ರಾಜ ಸಾಯೋದೇ ಇಲ್ಲ, ಯಾರೂ ಅವನನ್ನ ಮಣೆಯಿಂದ ಎತ್ತಲ್ಲ, ಎಲ್ಲಿಗೂ ಹೋಗಕ್ಕಾಗದೆ ನಿಂತುಬಿಡ್ತಾನೆ, ಅಲ್ಲಿಗೆ ಆಟ ಮುಗೀತು.

ಅಡಿಕೆಮರ

ಸರಿ ಇಲ್ಲೀತನಕ ಒಪ್ದೆ. ರಾಜನಿಂದ ಹಳ್ಳಕ್ಕೆ ಹೆಂಗ್ ಬಂತು?

ಪದಪಿತ್ತ

ಅದು ಸುಲಭ. ಚೆಕ್ ಬಿದ್ರೆ ಏನಾಗತ್ತೆ? ನಿಮ್ ಪ್ಲಾನ್ ಎಲ್ಲಾ ಅಲ್ಲಿಗೇ ನಿಂತ್ಹೋಗತ್ತೆ. ಮಂತ್ರಿ ಮುಂದೆ ತರೋಣ ಅಂತಿದ್ರಿ, ಕುದುರೆ ಹೊಡಿಯೋಣ ಅಂತಿದ್ರಿ, ಎಲ್ಲಾ ಬಿಟ್ಟು ಮೊದಲು ರಾಜನ್ನ ಕಾಪಾಡ್ಬೇಕು. ಹಂಗಾಗಿ ಚೆಕ್ ಅಂದ್ರೆ ತಡೆ, ಥಟ್ಟನೆ ನಿಲ್ಲಿಸೋದು ಅನ್ನೋ ಅರ್ಥ ಹುಟ್ಕೊಂತು. ತಡೆ ಆದ್ಮೇಲೆ ಹಿಡಿತ, ಲಗಾಮು. ನೀರಿನ ಓಟಕ್ಕೆ ತಡೆ ಹಾಕಿದ್ರೆ ಚೆಕ್ ಡ್ಯಾಮು. ಗಾಡಿಗೆ ತಡೆ ಹಾಕಿದ್ರೆ ಚೆಕ್ ಪೋಸ್ಟು. ಅಧಿಕಾರದಲ್ಲಿ ಒಬ್ಬರು ಮೆರೀದಂಗೆ ಇನ್ನೊಬ್ಬರು ಹಿಡ್ಕೊಂಡ್ರೆ ಚೆಕ್ಸ್ ಅಂಡ್ ಬ್ಯಾಲೆನ್ಸಸ್.

ಆಮೇಲೆ ಲಗಾಮಿಂದ ಲೆಕ್ಕಕ್ಕೆ. ಇನ್ನೊಬ್ಬ ಮೋಸ ಮಾಡದಂಗೆ ಲಗಾಮು ಹಾಕೋದು ಹೆಂಗೆ? ಅವನ ಲೆಕ್ಕಾನ ನಮ್ಮ ಲೆಕ್ಕದ ಪಕ್ಕ ಇಟ್ಟು ತಾಳೆ ನೋಡೋದು. ಅದೇ "ಚೆಕ್ ಮಾಡು". ಬಸ್ಸಿಗೆ ಹತ್ತೋ ಚೆಕಿಂಗ್ ಇನ್‌ಸ್ಪೆಕ್ಟರು ಇದೇ ಕೊನೇ ಅರ್ಥದೋರು, ಆದ್ರೆ ಅವ್ರು ಹತ್ತಿದಾಗ ಟಿಕೆಟ್ ಇಲ್ದೋರ ಮುಖ ನೋಡಿದ್ರೆ ಮೊದಲನೇ ಅರ್ಥಾನೇ ಕಾಣೋದು, ರಾಜ ಸಿಕ್ಕಾಕೊಂಡ.

ನೇತ್ರಾವತಿ_ದಂಡೆ

ಚೆಕ್ ಡ್ಯಾಂ ಅಂತ ಯಾಕೆ ಹೇಳುವುದು ಮಾರಾಯ್ರೆ, ನಮ್ಮಲ್ಲಿ ಅದಕ್ಕೆ ಕಟ್ಟ ಅಂತ ಹೆಸರು ಉಂಟು. ಮಳೆ ನಿಂತ ಮೇಲೆ ತೋಡಿಗೆ ಅಡ್ಡ ಮಣ್ಣು, ಕಲ್ಲು, ಸೊಪ್ಪು ಹಾಕಿ ಊರವರೇ ಸೇರಿ ಕಟ್ಟುವುದು, ಮತ್ತೆ ಮಳೆಗಾಲದಲ್ಲಿ ಅದು ತಾನೇ ಕೊಚ್ಚಿಕೊಂಡು ಹೋಗ್ತದೆ. ಹಲಗೆ ಹಾಕಿ ತೆಗೆಯುವುದಾದರೆ ಕಿಂಡಿ ಅಣೆಕಟ್ಟು. ಇಷ್ಟು ಚಂದದ ಹೆಸರು ಇರುವಾಗ ರಾಜನನ್ನು ಪರ್ಷಿಯಾದಿಂದ ಕರ್ಕೊಂಡು ಬಂದು ತೋಡಿನಲ್ಲಿ ನಿಲ್ಲಿಸುವ ಅಗತ್ಯ ಏನಿತ್ತು?

ಹುಬ್ಬಳ್ಳಿ_ಗಿರ್ಮಿಟ್

ನಮ್ ಕಡೆ ಬಾಂದಾರ ಅಂತೀವಿ, ಹೊಲದಾಗ ಆದ್ರ ಒಡ್ಡು. ಆದ್ರ ಬೋರ್ಡ್ ಮ್ಯಾಲೆ ಎಲ್ಲಾ ಕಡೆ ಚೆಕ್ ಡ್ಯಾಮ್ ಅಂತನ ಬರದಿರ್ತಾರ. ಬಿಲ್ ಪಾಸ್ ಆಗೂದು ಆ ಹೆಸರಿಗೇ ಇರಬೇಕು.

ಅಡಿಕೆಮರ

ಹಹ್ಹಾ. ಶರ್ಟು?

ಪದಪಿತ್ತ

ಶರ್ಟಿನ ದಾರಿ ಸ್ವಲ್ಪ ಬೇರೆ. ಅದು ರಾಜನಿಂದ ಅಲ್ಲ, ರಾಜ ನಿಂತಿರೋ ಮಣೆಯಿಂದ. ಮಣೆಗೆ ಹಳೇ ಫ್ರೆಂಚಲ್ಲಿ ಎಶೆಕಿಯೆ ಅಂತಿತ್ತು, ಇಂಗ್ಲಿಷಲ್ಲಿ ಚೆಕರ್ ಆಯ್ತು, ಮಣೆ ಥರ ಚೌಕ ಚೌಕ ಇದ್ರೆ ಚೆಕರ್ಡ್, ಅದು ಗಿಡ್ಡ ಆಗಿ ಚೆಕ್ಸ್. ನಮ್ಮಲ್ಲಿ ಚೌಕಳಿ ಅಂತಿದ್ವಲ್ಲ, ಚೌಕಳಿ ಲುಂಗಿ, ಚೌಕಳಿ ಟವೆಲ್ಲು, ಅದೇ. ಕಾರ್ ರೇಸಲ್ಲಿ ಕೊನೇಲಿ ಬೀಸೋ ಕಪ್ಪು ಬಿಳಿ ಬಾವುಟಾನೂ ಇದೇ ಕುಟುಂಬ.

ಶಾರ್ಜಾ_ಸಂಜೆ

ಒಂದು ನಿಮಿಷ. ಬ್ಯಾಂಕ್ ಚೆಕ್ಕನ್ನ ಈ ಗುಂಪಿಗೆ ಸೇರಿಸ್ಬೇಡಿ. ಅದು ಅರಬ್ಬಿ ಸಕ್ಕ್ ಅನ್ನೋ ಪದದಿಂದ ಬಂದಿದ್ದು, ಇಲ್ಲಿ ಎಲ್ಲರೂ ಅದನ್ನೇ ಹೇಳ್ತಾರೆ. ಸಕ್ಕ್ ಅಂದ್ರೆ ಹಣ ಕೊಡಿ ಅಂತ ಬರೆದ ಕಾಗದ, ಸಾವಿರ ವರ್ಷದ ಹಿಂದೇನೇ ಅರಬ್ ವ್ಯಾಪಾರಿಗಳು ಒಂದೂರಲ್ಲಿ ಬರೆಸಿ ಇನ್ನೊಂದೂರಲ್ಲಿ ದುಡ್ಡು ಎತ್ತಿಸ್ತಿದ್ರು. ಯುರೋಪಲ್ಲಿ ಆಗ ಏನಿತ್ತು?

ಪದಪಿತ್ತ

ಸಕ್ಕ್ ಇದ್ದಿದ್ದು ನಿಜ, ಅದರ ಮೂಲ ಪರ್ಷಿಯನ್ ಚಕ್ ಅನ್ನೋದೂ ನಿಜ, ಅದು ಚೆಕ್ಕಿನ ಕೆಲಸ ಮಾಡ್ತಿತ್ತು ಅನ್ನೋದೂ ನಿಜ. ಪದ್ಧತಿ ನಿಮ್ಮ ಕಡೆಯೋರದ್ದು ಹಳೇದು ಅಂತ ನೂರಕ್ಕೆ ನೂರು ಒಪ್ತೀನಿ. ಆದ್ರೆ ಪದ್ಧತಿ ಹಳೇದು ಅಂದ ಮಾತ್ರಕ್ಕೆ ಪದಾನೂ ಅಲ್ಲಿಂದಲೇ ಬಂತು ಅಂತಾಗಲ್ಲ. ಅಲ್ಲಿಂದ ಬಂದಿದ್ರೆ ದಾರೀಲಿ ಹೆಜ್ಜೆಗುರುತು ಇರ್ಬೇಕಿತ್ತು. ಅರಬರ ಜೊತೆ ವ್ಯಾಪಾರ ಮಾಡ್ತಿದ್ದೋರು ಇಟಲಿಯೋರು, ಸ್ಪೇನಿನೋರು, ಪದ ಮೊದಲು ಅವ್ರ ಭಾಷೇಲಿ ಕಾಣಿಸ್ಬೇಕಿತ್ತು. ಉಲ್ಟಾ ಆಗಿದೆ, ಫ್ರೆಂಚರ ಶೆಕ್ಕು, ಜರ್ಮನ್ನರ ಶೆಕ್ಕು ಎಲ್ಲಾ ಇಂಗ್ಲಿಷಿಂದ ಸಾಲ ತಗೊಂಡಿದ್ದು.

ಇಂಗ್ಲಿಷಲ್ಲಿ ನೋಡಿದ್ರೆ ಲಂಡನ್ನಲ್ಲಿ 1659ರಲ್ಲಿ ಬರೆದ ಒಂದು ಕೈಬರಹದ ಚೀಟಿ ಉಳಿದಿದೆ, ಇಂಥೋರಿಗೆ 400 ಪೌಂಡ್ ಕೊಡಿ ಅಂತ. ಕೆಲಸದಲ್ಲಿ ಅದು ಪಕ್ಕಾ ಚೆಕ್ಕೇ, ಆದ್ರೆ ಆ ಹೆಸರು ಇನ್ನೂ ಅಂಟಿರ್ಲಿಲ್ಲ. 18ನೇ ಶತಮಾನದ ಶುರುವಲ್ಲಿ ಚೆಕ್ ಅಂತ ಕರೀತಿದ್ದಿದ್ದು ಯಾವುದನ್ನ ಗೊತ್ತಾ? ಹರಿದು ಕೊಟ್ಟ ಮೇಲೆ ನಮ್ಮ ಹತ್ರ ಉಳಿಯತ್ತಲ್ಲ, ಕೌಂಟರ್‌ಫಾಯಿಲು, ಅದನ್ನ. ಯಾಕಂದ್ರೆ ಫೋರ್ಜರಿ ಆಗಿದ್ಯಾ ಅಂತ ತಾಳೆ ನೋಡಕ್ಕೆ ಇರೋದೇ ಅದು. ಕಳ್ಳನಿಗೆ ತಡೆ. ಆಮೇಲೆ ಹೆಸರು ಮೆಲ್ಲಗೆ ಕೌಂಟರ್‌ಫಾಯಿಲಿಂದ ಜಾರಿ ಹರಿದು ಕೊಡೋ ತುಂಡಿಗೆ ಅಂಟ್ಕೊಂತು.

ಶಾರ್ಜಾ_ಸಂಜೆ

ಹೂಂ. ಇದು ಕೇಳಿರ್ಲಿಲ್ಲ. ಆದ್ರೂ ಸಕ್ಕ್, ಚಕ್, ಚೆಕ್, ಇಷ್ಟು ಹತ್ತಿರ ಇರೋದು ಬರೀ ಕಾಕತಾಳೀಯ ಅಂದ್ರೆ ಹೊಟ್ಟೆಗೆ ಇಳೀತಿಲ್ಲ. ನಾನು ಪೂರ್ತಿ ಒಪ್ಪಿಲ್ಲ ಅಂತ ಬರ್ಕೊಳಿ.

ಪದಪಿತ್ತ

ಬರ್ಕೊಂಡೆ. ಆದ್ರೂ ನಿಮ್ಮ ದಾರೀಲಿ ಹೋದ್ರೂ ಪರ್ಷಿಯಾಕ್ಕೇ ಹೋಗ್ತೀವಿ, ನನ್ನ ದಾರೀಲಿ ಹೋದ್ರೂ ಪರ್ಷಿಯಾಕ್ಕೇ, ಜಗಳ ಆಡ್ಕೊಂಡೇ ಒಂದೇ ಊರಲ್ಲಿ ಇಳ್ಯೋಣ.

ಡಾಲಸ್_ದೋಸೆ

ಇಲ್ಲಿ ಅಮೆರಿಕದಲ್ಲಿ ಸ್ಪೆಲಿಂಗ್ ಗಲಾಟೆನೇ ಇಲ್ಲ, ಬ್ಯಾಂಕಿಂದೂ ಅದೇ, ಶರ್ಟಿಂದೂ ಅದೇ. ನಾನು ಬಂದ ಹೊಸದ್ರಲ್ಲಿ ಒಂದು ಹೋಟೆಲಲ್ಲಿ ಊಟ ಆದ್ಮೇಲೆ ಆ ಹುಡುಗಿ ಬಂದು ಚೆಕ್ ತರ್ಲಾ ಅಂದ್ಲು, ನಾನು ಗಾಬರಿಯಾಗಿ, ಇಲ್ಲ ಇಲ್ಲ ನನ್ ಹತ್ರ ಚೆಕ್ ಬುಕ್ ಇಲ್ಲ, ಕ್ಯಾಶ್ ಕೊಡ್ತೀನಿ ಅಂದೆ. ಅವಳು ನನ್ನ ನೋಡಿದ ನೋಟ ಇವತ್ತಿಗೂ ಮರ್ತಿಲ್ಲ. ಬಿಲ್ಲಿಗೆ ಇಲ್ಲಿ ಚೆಕ್ ಅಂತಾರೆ ಅಂತ ಯಾರೂ ಹೇಳಿರ್ಲಿಲ್ಲ. ಆಮೇಲೆ ನಾವು ಟಿಕ್ ಮಾರ್ಕ್ ಅಂತೀವಲ್ಲ ಅದೂ ಚೆಕ್ ಮಾರ್ಕ್, ಮಕ್ಕಳು ಆಡೋ ಕಪ್ಪು ಕೆಂಪು ಬಿಲ್ಲೆ ಆಟ ಚೆಕರ್ಸ್, ಐಸ್ ಹಾಕಿಯಲ್ಲಿ ಒಬ್ಬನ್ನ ಗೋಡೆಗೆ ಗುದ್ದಿದ್ರೂ ಚೆಕ್ಕು.

ಇನ್ನೊಂದು ಇದೆ, ಯಾರಾದ್ರೂ ಪಾರ್ಟಿಗೆ ಕರೆದಾಗ "ರೈನ್ ಚೆಕ್ ತಗೋತೀನಿ" ಅಂತಾರೆ, ಇವತ್ತಾಗಲ್ಲ ಇನ್ನೊಂದಿನ ಬರ್ತೀನಿ ಅಂತ. ಅದು 1880ರ ದಶಕದ ಬೇಸ್‌ಬಾಲ್‌ದು, ಮಳೆ ಬಂದು ಮ್ಯಾಚ್ ನಿಂತ್ರೆ ಆ ಟಿಕೆಟ್ ತುಂಡು ಇಟ್ಕೊಂಡು ಇನ್ನೊಂದಿನ ಬಿಟ್ಟಿ ನೋಡ್ಬೋದಿತ್ತು. ಅದೂ ಕೌಂಟರ್‌ಫಾಯಿಲ್ ಥರಾನೇ ಆಯ್ತಲ್ವಾ, ತಾಳೆ ನೋಡೋ ತುಂಡು.

ಚಕ್ಲಿ_ನಿಪ್ಪಟ್ಟು

ಚೆಕ್ ರಿಪಬ್ಲಿಕ್ ಬಿಟ್ರಲ್ಲ?

ಪದಪಿತ್ತ

ಅದು ಜನಾಂಗದ ಹೆಸರು, ಚೆಖ್ ಅನ್ನೋ ಮೂಲಪುರುಷ ಇದ್ದ ಅಂತ ಅವ್ರ ಕತೆ. ಇದಕ್ಕೂ ಅದಕ್ಕೂ ಏನೂ ಇಲ್ಲ. ಕನ್ನಡ ಲಿಪೀಲಿ ಬರ್ದಾಗ ಮಾತ್ರ ಅಣ್ಣತಮ್ಮ.

ಕುದುರೆನಡೆ

ಎಲ್ಲರೂ ನಡುವಿನ ಒಂದು ಮುಖ್ಯ ಕೊಂಡಿ ಬಿಟ್ಬಿಟ್ರಿ. ಬ್ಯಾಂಕ್ ಚೆಕ್ಕಿಗೆ ಆ ವಿಚಿತ್ರ ಸ್ಪೆಲಿಂಗ್ ಎಲ್ಲಿಂದ ಬಂತು? ಎಕ್ಸ್‌ಚೆಕರ್‌ನಿಂದ. ಅಂದ್ರೆ ಇಂಗ್ಲೆಂಡಿನ ರಾಜರ ಖಜಾನೆ. ಅಲ್ಲಿನ ಹಣಕಾಸು ಮಂತ್ರಿಗೆ ಇವತ್ತಿಗೂ ಚಾನ್ಸಲರ್ ಆಫ್ ದಿ ಎಕ್ಸ್‌ಚೆಕರ್ ಅಂತಾನೇ ಹೆಸರು, ಅಂದ್ರೆ ಅಕ್ಷರಶಃ ಚದುರಂಗದ ಮಣೆಯ ಮಂತ್ರಿ. ಸುಮ್ನೆ ಅಲಂಕಾರಕ್ಕೆ ಹೇಳ್ತಿಲ್ಲ, ನಿಜವಾಗ್ಲೂ ಮಣೆ ಇತ್ತು.

12ನೇ ಶತಮಾನದಲ್ಲಿ ಎರಡನೇ ಹೆನ್ರಿಯ ಖಜಾಂಚಿ ರಿಚರ್ಡ್ ಫಿಟ್ಜ್‌ನೀಲ್ ಅಂತ ಒಬ್ಬ, ಅವನು ಖಜಾನೆ ಹೆಂಗೆ ನಡೀತಿತ್ತು ಅಂತ ಗುರು ಶಿಷ್ಯರ ಸಂಭಾಷಣೆ ಥರ ಲ್ಯಾಟಿನಲ್ಲಿ ಒಂದು ಪುಸ್ತಕಾನೇ ಬರೆದಿದಾನೆ. ಸುಮಾರು ಹತ್ತಡಿ ಉದ್ದ ಐದಡಿ ಅಗಲದ ಮೇಜು, ಲೆಕ್ಕಕ್ಕೆ ಇಡೋ ಬಿಲ್ಲೆ ಉರುಳಿ ಬೀಳದಂಗೆ ಸುತ್ತ ನಾಲ್ಕು ಬೆರಳಿನಷ್ಟು ಎತ್ತರದ ಅಂಚು, ಮೇಲೆ ಗೆರೆ ಗೆರೆಯ ಕಪ್ಪು ಬಟ್ಟೆ. ಪೆನ್ನಿ ಅನ್ನೋ ಕಾಸಿಗೆ ಒಂದು ಸಾಲು, ಷಿಲ್ಲಿಂಗಿಗೆ ಒಂದು, ಪೌಂಡಿಗೆ ಒಂದು, ಇಪ್ಪತ್ತಕ್ಕೆ, ನೂರಕ್ಕೆ, ಸಾವಿರಕ್ಕೆ. ವರ್ಷಕ್ಕೆ ಎರಡು ಸಲ ಜಿಲ್ಲೆಗಳ ಷೆರಿಫರು, ಅಂದ್ರೆ ರಾಜನ ಪರ ತೆರಿಗೆ ಎತ್ತೋ ಅಧಿಕಾರಿಗಳು, ಬಂದು ಆ ಮೇಜಿನ ಮುಂದೆ ಕೂತು ಲೆಕ್ಕ ಒಪ್ಪಿಸ್ಬೇಕು. ಈ ಕಡೆಯೋರು ಬಿಲ್ಲೆ ಇಟ್ಟು ಕೊಡಬೇಕಾದ್ದು ಇಷ್ಟು ಅಂತಾರೆ, ಕೊಟ್ಟಿದ್ದಕ್ಕೆ ಕೆಳಗೆ ಬಿಲ್ಲೆ ಇಡ್ತಾರೆ, ಕಳೀತಾರೆ. ಪುಸ್ತಕದಲ್ಲಿ ಅವನೇ ಹೇಳ್ತಾನೆ, ಚದುರಂಗದಲ್ಲಿ ಯುದ್ಧ ರಾಜರ ನಡುವೆ, ಇಲ್ಲಿ ಯುದ್ಧ ಖಜಾಂಚಿಗೂ ಷೆರಿಫನಿಗೂ ಅಂತ.

ಬಿಲ್ಲೆ ಯಾಕೆ ಬೇಕಾಯ್ತು? ಅವ್ರ ಹತ್ರ ಇದ್ದಿದ್ದು ರೋಮನ್ ಅಂಕಿ. ಸೊನ್ನೆ ಇಲ್ಲ. ರೋಮನ್ ಅಂಕೀಲಿ ಒಂದು ಕಳೆಯೋ ಲೆಕ್ಕ ಮಾಡಿ ನೋಡಿ, ಮೇಜು ಬಟ್ಟೆ ಎಲ್ಲಾ ಯಾಕೆ ಬೇಕು ಅಂತ ತಾನೇ ಗೊತ್ತಾಗತ್ತೆ. ಆಟದ ಮಣೆ ನಮ್ಮ ಕಡೆಯಿಂದ ಅಲ್ಲಿಗೆ ಆಗಲೇ ಹೋಗಿತ್ತು, ಸೊನ್ನೆ ಮಾತ್ರ ಇನ್ನೂ ದಾರೀಲಿತ್ತು.

ಇನ್ನೊಂದು ನನಗೆ ಯಾವಾಗ್ಲೂ ಮೈ ಜುಂ ಅನ್ಸೋ ವಿಷಯ. ಆ ಖಜಾನೆಯ ಲೆಕ್ಕದ ಸುರುಳಿಗಳಲ್ಲಿ ಇವತ್ತಿಗೆ ಉಳಿದಿರೋದ್ರಲ್ಲಿ ಅತ್ಯಂತ ಹಳೇದು 1130ರದ್ದು. ಅದೇ ಹೊತ್ತಿಗೆ, 1129ರ ಸುಮಾರಿಗೆ, ನಮ್ಮ ಕಲ್ಯಾಣದಲ್ಲಿ, ಈಗಿನ ಬೀದರ್ ಜಿಲ್ಲೆ ಬಸವಕಲ್ಯಾಣ, ಚಾಲುಕ್ಯ ಮೂರನೇ ಸೋಮೇಶ್ವರ ಮಾನಸೋಲ್ಲಾಸ ಬರೆಸ್ತಿದ್ದ, ಅದರಲ್ಲಿ ರಾಜರ ವಿನೋದಗಳ ಪಟ್ಟೀಲಿ ಚತುರಂಗ ಆಡೋ ಕ್ರಮಾನೂ ಇದೆ. ಒಂದೇ ಮಣೆ, ಒಂದೇ ಕಾಲ, ಇಲ್ಲಿ ಅರಸ ಅದರ ಮೇಲೆ ಆಟ ಆಡ್ತಿದ್ದ, ಅಲ್ಲಿ ಅರಸನ ಕಡೆಯೋರು ಅದರ ಮೇಲೆ ತೆರಿಗೆ ಎಣಿಸ್ತಿದ್ರು. ಯಾರು ಬುದ್ಧಿವಂತರು ಅಂತ ನಾನು ಹೇಳಲ್ಲ.

ಹುಬ್ಬಳ್ಳಿ_ಗಿರ್ಮಿಟ್

ಆಡಿದಾವ್ರ ಬುದ್ಧಿವಂತ್ರು ರೀ, ಅದ್ರಾಗ ಏನ್ ಅನುಮಾನ.

ಮೈಸೂರಾವ್ರು ನೀವು, ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರ ತಗೀಲಿಲ್ಲಲ್ಲ? ನಿಮ್ಮ ಹೆಸರ ನೋಡಿ ಅದನ್ನ ಕಾಯ್ಕೋತ ಕುಂತಿದ್ದೆ.

ಕುದುರೆನಡೆ

ಹಹ್ಹ ಸಿಕ್ಬಿದ್ದೆ. ಹೌದು, ಕುದುರೇನ ಒಂದೊಂದು ಮನೆ ಒಂದೇ ಸಲ ಮುಟ್ಟೋ ಥರ 64 ಮನೇನೂ ಸುತ್ತಿಸೋ ಬಂಧಗಳನ್ನ ದೊರೆಗಳೇ ರಚಿಸಿದ್ರು, ಆಟದ ಮಣೆ, ಗಂಜೀಫಾ ಎಲೆಯಾಟ ಅಂದ್ರೆ ಅವರಿಗೆ ಪ್ರಾಣ. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ಕೊಂಡ್ರಲ್ಲ, ಆಮೇಲೆ ಆಳಕ್ಕೆ ಉಳಿದಿದ್ದು ಆ 64 ಮನೆ ರಾಜ್ಯ ಒಂದೇ ಅಂತ ನಂಗೆ ಒಂದೊಂದ್ಸಲ ಅನ್ಸತ್ತೆ. ಷಾ ಮಾತ್ ಅಂದ್ರೆ ಸತ್ತ ಅಲ್ಲ, ದಿಕ್ಕು ತೋಚದೆ ನಿಂತ ಅಂದ್ನಲ್ಲ ಮೇಲೆ, ಆಗ ಅವ್ರೇ ನೆನಪಾಗಿದ್ರು, ಬರೀಲಿಲ್ಲ ಅಷ್ಟೆ.

ನೇತ್ರಾವತಿ_ದಂಡೆ

ಷಾ ಎನ್ನುವ ಪದ ಎಲ್ಲಿಂದ ಬಂತು? ಅದಕ್ಕೂ ಹಿಂದೆ ಹೋಗ್ಲಿಕ್ಕೆ ಆಗ್ತದಾ?

ಪದಪಿತ್ತ

ಆಗತ್ತೆ, ಇಲ್ಲೇ ನಂಗೆ ತುಂಬಾ ಇಷ್ಟ ಆಗೋ ಜಾಗ ಇರೋದು. ಬೆಹಿಸ್ತೂನ್ ಅಂತ ಇರಾನಿನ ಬೆಟ್ಟದಲ್ಲಿ ದೊರೆ ದಾರಯವೌಷ್, ಇಂಗ್ಲಿಷಲ್ಲಿ ಡೇರಿಯಸ್ ಅಂತಾರೆ, ಕ್ರಿಸ್ತಪೂರ್ವ 520ರ ಆಸುಪಾಸು ಕೆತ್ತಿಸಿದ ದೊಡ್ಡ ಶಾಸನ ಇದೆ. ನಾನು ಡೇರಿಯಸ್, ಮಹಾರಾಜ ಅಂತ ಶುರುವಾಗತ್ತೆ. ಅಲ್ಲಿ ರಾಜ ಅನ್ನೋದಕ್ಕೆ ಇರೋ ಪದ ಕ್ಷಾಯಥಿಯ. ಅದೇ ಸವೆದು ಸವೆದು ಷಾ ಆಗಿದ್ದು. ಈಗ ಅದನ್ನ ಇನ್ನೊಂದ್ಸಲ ಗಟ್ಟಿಯಾಗಿ ಓದಿ. ಕ್ಷಾಯಥಿಯ. ಏನಾದ್ರೂ ನೆನಪಾಗ್ತಿದ್ಯಾ?

ಅಡಿಕೆಮರ

ಕ್ಷತ್ರಿಯ!!

ಪದಪಿತ್ತ

ಅದೇ. ಆದ್ರೆ ಷಾ ಅನ್ನೋದು ಕ್ಷತ್ರಿಯದಿಂದ ಬಂತು ಅಂತ ಯಾರೂ ವಾಟ್ಸಾಪಲ್ಲಿ ಹಾಕ್ಬೇಡಿ ದಯವಿಟ್ಟು. ಒಂದರಿಂದ ಇನ್ನೊಂದು ಅಲ್ಲ, ಎರಡಕ್ಕೂ ಧಾತು ಒಂದೇ, ಆಳು ಅನ್ನೋ ಅರ್ಥದ್ದು. ಸಂಸ್ಕೃತದಲ್ಲಿ ಕ್ಷತ್ರ ಅಂದ್ರೆ ಆಳುವ ಬಲ, ಅದರಿಂದ ಕ್ಷತ್ರಿಯ. ಹಳೇ ಪರ್ಷಿಯನ್ನೂ ಸಂಸ್ಕೃತಾನೂ ಅಕ್ಕ ತಂಗಿ ಭಾಷೆ, ಇಬ್ಬರಿಗೂ ಅಮ್ಮನ ಮನೆಯಿಂದ ಬಂದ ಒಂದೇ ಒಡವೆ. ಇಲ್ಲಿ ಉಳಿದಿದ್ದು ಹೆಚ್ಚುಕಮ್ಮಿ ಹಂಗೇ ಉಳೀತು. ಅಲ್ಲಿಗೆ ಹೋಗಿದ್ದು ಷಾ ಆಗಿ, ಎಶೆಕ್ ಆಗಿ, ಚೆಕ್ ಆಗಿ, ಬ್ರಿಟಿಷರ ಜೊತೆ ಹಡಗು ಹತ್ತಿ ಬಂದು ನಿಮ್ ತೋಟದ ಕೆಳಗೆ ಹಳ್ಳದಲ್ಲಿ ಕೂತಿದೆ.

ಚಕ್ಲಿ_ನಿಪ್ಪಟ್ಟು

ನನ್ ಚೆಕ್ಕೆ ಥಿಯರಿ ಸತ್ತೋಯ್ತು ಅನ್ಸತ್ತೆ. ಷಾ ಮಾತ್.

ಕುದುರೆನಡೆ

ಪೂರ್ತಿ ಸತ್ತಿಲ್ಲ, ತಮಾಷೆ ಏನ್ ಗೊತ್ತಾ, ಆ ಖಜಾನೆಯಲ್ಲಿ ರಸೀದಿ ಕೊಡ್ತಿದ್ದಿದ್ದು ನಿಜವಾಗ್ಲೂ ಮರದ ಚೆಕ್ಕೆ ಮೇಲೇನೇ! ಟ್ಯಾಲಿ ಅಂತಿದ್ರು. ಕಡ್ಡಿ ಮೇಲೆ ಕಚ್ಚು ಹಾಕೋದು, ಸಾವಿರಕ್ಕೆ ಇಷ್ಟಗಲ, ನೂರಕ್ಕೆ ಇಷ್ಟಗಲ ಅಂತ, ಆಮೇಲೆ ಉದ್ದಕ್ಕೆ ಸೀಳಿ ಅರ್ಧ ಇವ್ರಿಗೆ ಅರ್ಧ ಅವ್ರಿಗೆ. ಮುಂದೆ ತಕರಾರು ಬಂದ್ರೆ ಎರಡೂ ಜೋಡಿಸಿ ನೋಡೋದು, ಕಚ್ಚು ಕೂಡ್ಬೇಕು, ಮರದ ಎಳೆನೂ ಕೂಡ್ಬೇಕು. ಅಕ್ಷರ ಬರದೋರಿಗೂ ಮೋಸ ಮಾಡಕ್ಕಾಗಲ್ಲ. ಆ ಎರಡು ಸೀಳಿಗೆ ಸ್ಟಾಕು, ಫಾಯಿಲು ಅಂತ ಹೆಸರು. ಹೊಸ ಕಾನೂನು ಬಂದು 1826ರ ತನಕಾನೂ ಈ ಕಡ್ಡಿ ನಡೀತಿತ್ತು.

ಅದರ ಕೊನೆ ಕೇಳಿ. ಬೇಡವಾದ ಕಡ್ಡಿ ರಾಶಿ ರಾಶಿ ಬಿದ್ದಿತ್ತು. 1834ರ ಅಕ್ಟೋಬರ್ 16ಕ್ಕೆ ಅದನ್ನ ಪಾರ್ಲಿಮೆಂಟ್ ಕಟ್ಟಡದ ಕೆಳಗಿನ ಒಲೆಗಳಲ್ಲಿ ಹಾಕಿ ಸುಟ್ರು. ಬಡವರಿಗೆ ಸೌದೆಗೆ ಕೊಟ್ಟಿದ್ರೂ ಆಗಿರೋದು. ಒಣಗಿದ ಕಡ್ಡಿ, ಜಾಸ್ತಿ ತುಂಬಿದ್ರು, ಉರಿ ಚಿಮಣಿ ಹಿಡ್ಕೊಂಡು ಹಳೇ ಪಾರ್ಲಿಮೆಂಟ್ ಹೆಚ್ಚುಕಮ್ಮಿ ಪೂರ್ತಿ ಸುಟ್ಟು ಬೂದಿ. ಈಗ ಫೋಟೋದಲ್ಲಿ ನೋಡ್ತೀವಲ್ಲ ಗಡಿಯಾರದ ಗೋಪುರದ ಕಟ್ಟಡ, ಅದು ಆಮೇಲೆ ಕಟ್ಟಿದ್ದು. ಹಳೇ ರಸೀದಿ ಸುಡೋರು ಸ್ವಲ್ಪ ನೋಡ್ಕೊಂಡು ಸುಡಿ.

ಚಕ್ಲಿ_ನಿಪ್ಪಟ್ಟು

ಅಂದ್ರೆ ನಾನು ಹೇಳಿದ್ದು ಅರ್ಧ ಸರಿ.

ಪದಪಿತ್ತ

ಅರ್ಧ ಸರಿ ಅಲ್ಲ, ಪೂರ್ತಿ ತಪ್ಪು, ಆದ್ರೆ ಚೆನ್ನಾಗಿರೋ ತಪ್ಪು.

ಕೋರ್ಟ್_ಕಾರಿಡಾರ್

ತಡವಾಗಿ ಬಂದೆ, ಪೂರ್ತಿ ಓದ್ದೆ, ಮಜಾ ಇತ್ತು. ಆದ್ರೆ ಇಷ್ಟು ಜನ ಬರ್ದಿದೀರಾ, ಒಬ್ರೂ ಆ ರೈತರ ದುಡ್ಡಿನ ವಿಷಯ ಕೇಳ್ಲಿಲ್ಲ. ಅಡಿಕೆಮರ ಅವ್ರೇ, ಚೆಕ್ಕು ವಾಪಸ್ ಬಂದಿದೆ ಅಂತ ಬ್ಯಾಂಕಿಂದ ತಿಳಿದ ದಿನದಿಂದ 30 ದಿನದೊಳಗೆ ಕೊಟ್ಟೋನಿಗೆ ಲಿಖಿತ ನೋಟಿಸ್ ಹೋಗ್ಬೇಕು. ಅವನ ಕೈಗೆ ನೋಟಿಸ್ ಸಿಕ್ಕಿ 15 ದಿನದಲ್ಲಿ ದುಡ್ಡು ಕೊಡ್ಲಿಲ್ಲ ಅಂದ್ರೆ, ಅಲ್ಲಿಂದ ಒಂದು ತಿಂಗಳೊಳಗೆ ಕೋರ್ಟಿಗೆ ದೂರು ಹಾಕ್ಬೇಕು. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ, 138ನೇ ಸೆಕ್ಷನ್. ಕಾಯ್ದೆ ಹಳೇದು, ಬೌನ್ಸ್ ಮಾಡಿದ್ರೆ ಅಪರಾಧ ಅನ್ನೋ ಈ ಸೆಕ್ಷನ್ 1989ರಿಂದ ಜಾರಿ. ಎರಡು ವರ್ಷದ ತನಕ ಜೈಲು, ಚೆಕ್ಕಿನ ಮೊತ್ತದ ಎರಡರಷ್ಟು ತನಕ ದಂಡ, ಅಥವಾ ಎರಡೂ. ಕೊಟ್ಟೋನು ಬಾಯ್ಮಾತಲ್ಲಿ ನಾಳೆ ಕೊಡ್ತೀನಿ ನಾಡಿದ್ದು ಕೊಡ್ತೀನಿ ಅಂತ ದಿನ ತಳ್ಳೋದೇ ಈ 30 ದಿನ ದಾಟಿಸಕ್ಕೆ. ಎಷ್ಟು ದಿನ ಆಯ್ತು?

ಅಡಿಕೆಮರ

ಬ್ಯಾಂಕ್ ಮೆಮೋ ಬಂದು ಇವತ್ತಿಗೆ 19 ದಿನ. ಥ್ಯಾಂಕ್ಸ್ ಸರ್, ಅವನು ಹಂಗೇ ದಿನ ತಳ್ತಿದಾನೆ, ನಾಳೆ ಸಾಗರಕ್ಕೆ ಹೋಗಿ ಲಾಯರ್ ಹತ್ರ ನೋಟಿಸ್ ಕಳಿಸ್ತೀವಿ.

ಇದೆಲ್ಲಾ ರಾತ್ರಿ ಫೋನಲ್ಲಿ ಅಪ್ಪಂಗೆ ಓದಿ ಹೇಳ್ದೆ. ಪುಲಕೇಶಿ ಬಂದಾಗ ನಕ್ರು, ಕಡ್ಡಿ ಸೀಳೋ ಕತೆ ಎರಡು ಸಲ ಹೇಳಿಸ್ಕೊಂಡ್ರು. ಕೊನೇಗೆ, "ಅಂದ್ರೆ ಅವನು ನಂಗೆ ದುಡ್ಡಿನ ಚೆಕ್ಕು ಕೊಟ್ಟಿದ್ದಲ್ಲ, ಚದುರಂಗದ ಚೆಕ್ಕು ಕೊಟ್ಟಿದ್ದು ಅನ್ನು" ಅಂದ್ರು. ಆಮೇಲೆ ಒಂಚೂರು ಹೊತ್ತು ಸುಮ್ನಿದ್ದು, ನೋಟಿಸ್‌ಗೆ ಎಷ್ಟ್ ದುಡ್ಡಾಗತ್ತೆ ಕೇಳು ಅಂದ್ರು.

ಕೋರ್ಟ್_ಕಾರಿಡಾರ್

ಅದು ಲಾಯರ್ ಮೇಲೆ ಹೋಗತ್ತೆ. ಸ್ಪೀಡ್ ಪೋಸ್ಟಲ್ಲೇ ಕಳ್ಸಿ, ರಸೀದಿ ಜೋಪಾನ. ಸುಡ್ಬೇಡಿ.